ಅರ್ಧ ಅಂಕದ ಕ್ರಿಯಾಪದ

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟನ್ನು ಮನೆಗೆ ಹೊತ್ತು ತಂದು ತಿದ್ದುತ್ತಾ ಕುಳಿತಿದ್ದೆ. ನಿಮಗೆ ಗೊತ್ತಿರುವ ಐತಿಹಾಸಿಕ ಸ್ಥಳವೊಂದರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಿರಿ ಎಂಬ ಪ್ರಶ್ನೆ. ನಮ್ಮ ದಾವಣಗೆರೆ ಚಿತ್ರದುರ್ಗದಿಂದ ಒಡೆದು ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಈ ಮಕ್ಕಳು ಹುಟ್ಟುವುದಕ್ಕೂ ಎಷ್ಟೋ ಮುಂಚೆ. ಆದರೂ ಐತಿಹಾಸಿಕ ಎಂದೊಡನೆ ಅರ್ಧಕ್ಕರ್ಧ ಮಕ್ಕಳ ಕಾಲು ಚಿತ್ರದುರ್ಗದ ಕೋಟೆಯ ಕಡೆಗೇ ಎಳೆಯುತ್ತದೆ. ಏಳು ಸುತ್ತು, ಒನಕೆ ಓಬವ್ವ, ಮದಕರಿ ನಾಯಕ, ತುಪ್ಪದ ಕೊಳ. ಮೂವತ್ತು ಪತ್ರಿಕೆ ತಿದ್ದುವಷ್ಟರಲ್ಲಿ ನಾನೇ ಮೂವತ್ತು ಸಲ ಕೋಟೆ ಹತ್ತಿ ಇಳಿದಷ್ಟು ಸುಸ್ತಾಗಿತ್ತು. ಮೂವತ್ತೊಂದನೆಯದರಲ್ಲಿ ಮೊದಲ ವಾಕ್ಯವೇ ಹೀಗಿತ್ತು: ‘ಮತ್ತಿ ತಿಮ್ಮಣ್ಣ ನಾಯಕ ಫೌಂಡ್ ಚಿತ್ರದುರ್ಗ.’

ಇಂಗ್ಲಿಷ್ ಕಲಿಸುವವರಿಗೆ ಇದು ಹಳೆಯ ನೋವು. ಫೈಂಡ್ ಎಂಬ ಕ್ರಿಯಾಪದದ ಭೂತರೂಪ ಫೌಂಡ್, ಅಂದರೆ ಸಿಕ್ಕಿತು, ಕಂಡುಕೊಂಡ. ಸ್ಥಾಪಿಸು ಎಂಬ ಅರ್ಥದ ಇನ್ನೊಂದು ಫೌಂಡ್ ಇದೆ, ಅದರ ಭೂತರೂಪ ಫೌಂಡೆಡ್. ನೋಡಲು ಅವಳಿಗಳಂತಿದ್ದರೂ ಎರಡಕ್ಕೂ ರಕ್ತಸಂಬಂಧವಿಲ್ಲ. ಎರಡನೆಯದು ಲ್ಯಾಟಿನ್ನಿನದು, ತಳ, ತಳಪಾಯ ಎಂಬ ಅರ್ಥದ ಫುಂಡುಸ್ ಎಂಬ ಪದದಿಂದ ಬಂದದ್ದು. ಮೊದಲನೆಯದು ಅಪ್ಪಟ ಇಂಗ್ಲಿಷ್ ಮಣ್ಣಿನದು. ಕೆಂಪೇಗೌಡ ಬೆಂಗಳೂರನ್ನು ಫೌಂಡ್ ಮಾಡಿದ ಎಂದು ಪ್ರತಿ ವರ್ಷ ಯಾರಾದರೂ ಬರೆಯುತ್ತಾರೆ, ಕೆಂಪೇಗೌಡರಿಗೆ ಅದು ಹಾದಿಯಲ್ಲಿ ಬಿದ್ದು ಸಿಕ್ಕಿತೆಂಬಂತೆ. ನಾನು ಕೆಂಪು ಮಸಿಯಲ್ಲಿ ಸುತ್ತು ಹಾಕಿ ಅರ್ಧ ಅಂಕ ಕಳೆದೆ. ನಿಜ ಹೇಳಬೇಕೆಂದರೆ ತಿಮ್ಮಣ್ಣ ನಾಯಕ ಸ್ಥಾಪಿಸಿದ್ದು ಪಾಳೆಯಗಾರರ ಮನೆತನವನ್ನು, ಊರು ಅವನಿಗಿಂತ ಎಷ್ಟೋ ಹಳೆಯದು. ಆದರೆ ಅದಕ್ಕೂ ಅಂಕ ಕಳೆಯುವುದು ಇತಿಹಾಸದ ಮೇಷ್ಟರ ಕೆಲಸ.

ಪತ್ರಿಕೆ ಕೊಟ್ಟ ದಿನ ಹುಡುಗ ಸಿಬ್ಬಂದಿ ಕೊಠಡಿಯ ಬಾಗಿಲಿಗೆ ಬಂದು ನಿಂತ. ಅರ್ಧ ಅಂಕಕ್ಕಾಗಿ ಬರುವವರ ಮುಖ ನನಗೆ ಗೊತ್ತು. ಇವನದು ಹಾಗಿರಲಿಲ್ಲ.

“ಸರ್, ಕೋಟೆ ಕಟ್ಟಬೇಕೆಂದರೆ ಮೊದಲು ಅಲ್ಲಿಗೆ ನಡೆದು ಹೋಗಿ ಜಾಗ ಕಂಡುಹಿಡಿಯಲೇಬೇಕಲ್ಲವೇ? ಕಂಡುಹಿಡಿಯದೆ ಕಟ್ಟಿದನೇ?”

“ಕಂಡುಹಿಡಿಯುವುದು ಬೇರೆ, ಸ್ಥಾಪಿಸುವುದು ಬೇರೆ ಕಣಪ್ಪ” ಎಂದೆ. ಗಂಟೆ ಹೊಡೆಯಿತು. ಹುಡುಗ ತಲೆ ಅಲ್ಲಾಡಿಸಿ ಹೋದ. ಒಪ್ಪಿ ಅಲ್ಲಾಡಿಸಿದ್ದಲ್ಲ ಅದು.

ಆ ರಾತ್ರಿ ವ್ಯುತ್ಪತ್ತಿ ನಿಘಂಟು ತೆಗೆದೆ. ಉತ್ತರ ಹುಡುಕಲೆಂದಲ್ಲ, ನಾನು ಸರಿಯೆಂದು ಖಾತ್ರಿ ಮಾಡಿಕೊಳ್ಳಲು. ಮೇಷ್ಟರುಗಳು ನಿಘಂಟು ತೆರೆಯುವುದು ಬಹುಮಟ್ಟಿಗೆ ಅದಕ್ಕೇ.

ಫೈಂಡ್ ಹಳೆಯ ಇಂಗ್ಲಿಷಿನಲ್ಲಿ ಫಿಂಡಾನ್. ಜರ್ಮನ್ನಿನಲ್ಲಿ ಇಂದಿಗೂ ಫಿಂಡೆನ್. ಆ ಕುಟುಂಬದ ಭಾಷೆಗಳೆಲ್ಲಕ್ಕೂ ಸಮಾನವಾದ ಪದ. ಅದರ ಹಿಂದೆ, ಬರವಣಿಗೆಯೇ ಇಲ್ಲದ ಕಾಲಕ್ಕೆ ಹೋದರೆ, ಪಂಡಿತರು ತಲೆಯ ಮೇಲೊಂದು ನಕ್ಷತ್ರದ ಗುರುತು ಹಾಕಿ ಬರೆಯುವ ಒಂದು ಧಾತು ಸಿಗುತ್ತದೆ: ‘ಪೆಂಟ್’. ನಕ್ಷತ್ರದ ಅರ್ಥ, ಇದನ್ನು ಯಾರೂ ಬರೆದದ್ದನ್ನು ನಾವು ಕಂಡಿಲ್ಲ, ಮಕ್ಕಳು ಮೊಮ್ಮಕ್ಕಳ ಮುಖ ನೋಡಿ ಅಜ್ಜನ ಮುಖ ಬರೆದಿದ್ದೇವೆ ಎಂದು. ಆ ಧಾತುವಿನ ಅರ್ಥ ಹುಡುಕುವುದಲ್ಲ, ನೋಡುವುದಲ್ಲ, ಹಿಡಿಯುವುದೂ ಅಲ್ಲ. ನಡೆಯುವುದು. ಕಾಲಿಡುವುದು. ದಾರಿ ತುಳಿಯುವುದು. ನಡೆಯುತ್ತಾ ಹೋಗುವಾಗ ಎದುರಾದದ್ದು, ಅದೇ ಫೈಂಡ್ ಎಂದು ಬಹುತೇಕ ಪಂಡಿತರ ಅಭಿಪ್ರಾಯ.

ಅದೇ ಧಾತುವಿನ ಸಂಸ್ಕೃತದ ಮಕ್ಕಳು ನಮಗೆ ಮನೆಯವರಷ್ಟೇ ಪರಿಚಿತರು: ಪಥ, ಪಂಥ, ಪಥಿಕ. ಲ್ಯಾಟಿನ್ನಿನಲ್ಲಿ ಅದು ಸೇತುವೆಯಾಯಿತು, ಗ್ರೀಕರಲ್ಲಿ ಕಡಲಾಯಿತು. ಗ್ರೀಕರಿಗೆ ಕಡಲೇ ಹೆದ್ದಾರಿ ತಾನೆ. ರಷ್ಯನ್ ಭಾಷೆಯಲ್ಲಿ ಪುತ್, ಅಂದರೆ ದಾರಿ. 1957ರ ಅಕ್ಟೋಬರ್ 4ರಂದು ಅವರು ಆಕಾಶಕ್ಕೆ ಬಿಟ್ಟ ಸ್ಪುಟ್ನಿಕ್ ಎಂಬ ಹೆಸರಿನ ನಡುವೆ ಕುಳಿತಿರುವುದು ಆ ಪುತ್. ಜೊತೆಗೆ ದಾರಿ ನಡೆಯುವವನು, ಸಹಪಥಿಕ ಎಂದು ಅದರ ಅರ್ಥ. ಹುಡುಗನ ಉತ್ತರ ಪತ್ರಿಕೆಯಲ್ಲಿ ನಾನು ಸುತ್ತು ಹಾಕಿದ ಪದಕ್ಕೆ ಇಷ್ಟೆಲ್ಲ ಬಂಧುಬಳಗ.

ಪಕಾರ ಫಕಾರವಾದದ್ದು ಹೇಗೆ ಎಂದು ಕೇಳಿದರೆ ಅದಕ್ಕೊಂದು ನಿಯಮವೇ ಇದೆ. ಡೆನ್ಮಾರ್ಕಿನ ರಾಸ್ಕ್ 1818ರಲ್ಲಿ, ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ತೋರಿಸಿಕೊಟ್ಟದ್ದು. ಮಕ್ಕಳ ಕಥೆಗಳನ್ನು ತಮ್ಮನ ಜೊತೆ ಸಂಗ್ರಹಿಸಿದನಲ್ಲ, ಆ ಗ್ರಿಮ್ಮನೇ. ಸಂಸ್ಕೃತ, ಲ್ಯಾಟಿನ್ನುಗಳಲ್ಲಿ ಪದದ ಮೊದಲಿಗೆ ಪಕಾರವಿದ್ದ ಕಡೆ ಇಂಗ್ಲಿಷಿನ ಬಳಗದಲ್ಲಿ ಫಕಾರ. ಪಿತೃ ಅಲ್ಲಿ ಫಾದರ್, ಪಾದ ಅಲ್ಲಿ ಫುಟ್, ಪಂಚ ಅಲ್ಲಿ ಫೈವ್. ಪಥ ಹಿಡಿದು ಹೊರಟದ್ದು ಫೈಂಡ್.

ಇದನ್ನು ಓದಿ ಬೆರಗಾಗುವ ಅಗತ್ಯ ಕನ್ನಡಿಗರಿಗೆ ಅಷ್ಟಾಗಿ ಇಲ್ಲ. ನಮ್ಮ ಮನೆಯಲ್ಲೇ ಇಂಥದ್ದು ನಡೆದುಹೋಗಿದೆ. ಹಳಗನ್ನಡದ ಪಾಲ್ ಇಂದು ಹಾಲು, ಪುಲಿ ಹುಲಿ, ಪಳ್ಳಿ ಹಳ್ಳಿ, ಪೆಸರ್ ಹೆಸರು. ಪಜ್ಜೆ ಹೆಜ್ಜೆಯಾಯಿತು. ಅವರ ತುಟಿಯಿಂದ ಜಾರಿದ ಪಕಾರ ಹಲ್ಲಿಗೆ ಸಿಕ್ಕಿ ಫಕಾರವಾಯಿತು, ನಮ್ಮದು ಎಲ್ಲಿಯೂ ನಿಲ್ಲದೆ ಬರೀ ಉಸಿರಾಗಿ ಹಕಾರವಾಯಿತು. ಫೈಂಡ್ ಎಂಬುದಕ್ಕೆ ನಾವು ಕೊಡುವ ಕನ್ನಡದಲ್ಲೂ ಅದೇ ಕಥೆ ಅಡಗಿದೆ: ಕಂಡುಹಿಡಿ. ಅದರ ‘ಹಿಡಿ’ ಪಂಪನ ಕಾಲಕ್ಕೆ ‘ಪಿಡಿ’.

ಕಂಡುಹಿಡಿ ಎಂಬ ಪದವನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದೇನೆ, ಅದನ್ನು ಬಿಡಿಸಿ ನೋಡಿರಲಿಲ್ಲ. ಮೊದಲು ಕಾಣಬೇಕು, ಆಮೇಲೆ ಹಿಡಿಯಬೇಕು. ಕಣ್ಣು ಒಂದು, ಕೈ ಒಂದು. ಇಂಗ್ಲಿಷಿನವರದು ಕಾಲಿನ ಕೆಲಸ, ನಮ್ಮದು ಕಣ್ಣು ಕೈಗಳ ಕೆಲಸ. ಇಷ್ಟಕ್ಕೆ ಬಿಡಬಹುದಿತ್ತು. ಆದರೆ ಕಾಣು ಎಂಬುದು ಎಳೆದಷ್ಟೂ ಬರುವ ನೂಲು.

ನೋಡುವುದಕ್ಕೂ ಕಾಣುವುದಕ್ಕೂ ಇರುವ ಅಂತರವನ್ನು ಬೇರೆ ಭಾಷೆಯವರಿಗೆ ತಿಳಿಸಿ ಹೇಳುವುದು ಕಷ್ಟ, ನಮ್ಮ ಮನೆಗಳಲ್ಲಿ ಐದು ವರ್ಷದ ಮಗುವಿಗೂ ಗೊತ್ತು. “ನೋಡಿದೆ, ಕಾಣಲಿಲ್ಲ” ಎಂದರೆ ನನ್ನ ಪಾಲಿನ ಕೆಲಸ ಮಾಡಿದ್ದೇನೆ, ಅದು ತನ್ನ ಪಾಲಿನದನ್ನು ಮಾಡಲಿಲ್ಲ ಎಂದರ್ಥ. ಕಣ್ಣು ಎಂಬ ನಾಮಪದ, ಕಾಣು ಎಂಬ ಕ್ರಿಯಾಪದ ಎರಡೂ ದ್ರಾವಿಡ ಭಾಷೆಗಳಲ್ಲೆಲ್ಲ ಅಕ್ಕಪಕ್ಕವೇ ಬದುಕಿವೆ. ದೊಡ್ಡವರನ್ನು ‘ಕಂಡು ಬಾ’ ಎನ್ನುತ್ತೇವೆ. ಹಾಗೆ ಕಾಣಲು ಹೋಗುವಾಗ ಕೈಯಲ್ಲಿ ಒಯ್ಯುವುದು ಕಾಣಿಕೆ. ಕಳೆದುಹೋದವರು ಕಾಣೆಯಾದವರು. ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ, ಮಸುಕು ಫೋಟೋದ ಕೆಳಗೆ, ‘ಕಾಣೆಯಾಗಿದ್ದಾರೆ’. ಹಳೆಯ ಕನ್ನಡದಲ್ಲಿ ಕಾಣೆ ಎಂದರೆ ‘ನಾನು ಕಾಣೆನು’. ನನಗೆ ಕಾಣದಿರುವುದು ಅವರ ವಿಶೇಷಣವಾಗಿ ಅಂಟಿಕೊಂಡುಬಿಟ್ಟಿದೆ. ಮನೆಯವರ ಕಣ್ಣಿನ ಕೊರತೆ ಹೋದವನ ಹೆಸರಿನ ಪಕ್ಕ ಕುಳಿತಿದೆ.

ಇನ್ನು ಸಿಗು. ಇಂಗ್ಲಿಷಿನವನು ‘ನಾನು ಬೀಗದ ಕೈ ಫೌಂಡ್’ ಎಂದು ಎದೆ ಸೆಟೆಸಿ ಕರ್ತೃಸ್ಥಾನದಲ್ಲಿ ಕೂರುತ್ತಾನೆ. ನಾವು ‘ಬೀಗದ ಕೈ ನನಗೆ ಸಿಕ್ಕಿತು’ ಎನ್ನುತ್ತೇವೆ. ಕರ್ತೃ ಬೀಗದ ಕೈ. ನಾನು ಚತುರ್ಥಿ ವಿಭಕ್ತಿಯಲ್ಲಿ ಕೈಯೊಡ್ಡಿ ನಿಂತವನು. ಮನೆಯೆಲ್ಲ ತಡಕಾಡಿದವನು ನಾನೇ ಆದರೂ, ವ್ಯಾಕರಣದ ಪ್ರಕಾರ ಬಂದದ್ದು ಅದು. ನಮ್ಮ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ಬಳಿ ಎಡವುವುದಕ್ಕೆ ಇದೂ ಒಂದು ಕಾರಣವಿರಬಹುದು. ಸಿಕ್ಕಿದ್ದನ್ನು ತಾನು ಮಾಡಿದ್ದೆಂದು ಹೇಳಿಕೊಳ್ಳುವ ಅಭ್ಯಾಸ ಅವರ ಮಾತೃಭಾಷೆಯಲ್ಲಿ ಇಲ್ಲ.

ಕಚೇರಿ ಕನ್ನಡವನ್ನು ನಾನು ಸಿಕ್ಕಾಗಲೆಲ್ಲ ಬೈಯುವವನು. ಅದಕ್ಕೂ ಒಂದು ಮಾತು ಮೆಚ್ಚಿ ಹೇಳಲೇಬೇಕಾಗಿದೆ. ‘ಪರಿಶೀಲಿಸಲಾಗಿ, ಲೋಪವಿರುವುದು ಕಂಡುಬಂದಿರುತ್ತದೆ.’ ಯಾರು ಕಂಡರು, ಎಲ್ಲಿಂದ ಬಂತು, ಕೇಳುವಂತಿಲ್ಲ. ಆದರೆ ಆ ಕಂಡುಬರು ಎಂಬುದನ್ನೇ ನೋಡಿ. ಕಾಣುವುದೂ ಇದೆ, ಬರುವುದೂ ಇದೆ, ಕಣ್ಣೂ ಇದೆ, ಕಾಲೂ ಇದೆ. ಫೈಂಡ್ ಎಂಬ ಪದದ ಆರು ಸಾವಿರ ವರ್ಷದ ಹೊಟ್ಟೆಯೊಳಗಿನ ಅರ್ಥವನ್ನು ನಮ್ಮ ಗುಮಾಸ್ತರೊಬ್ಬರು ಯಾವ ನಿಘಂಟನ್ನೂ ನೋಡದೆ ಕಡತದಲ್ಲಿ ಇಳಿಸಿದ್ದಾರೆ.

ಶೋಧ, ಸಂಶೋಧನೆಗಳ ಮೂಲ ಶುದ್ಧಿ, ಅಂದರೆ ಕಸ ತೆಗೆಯುವುದು. ಇಂದಿಗೂ ಎಷ್ಟೋ ಮನೆಗಳಲ್ಲಿ ಕಾಫಿ ಶೋಧಿಸು, ಹಾಲು ಶೋಧಿಸು ಎನ್ನುತ್ತಾರೆ. ಸಂಶೋಧನೆ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಕರೆದೊಯ್ಯುತ್ತೇನೆ. ಕಾದ ಮರಳಿನೊಳಗೆ ಅಕ್ಕಿ ಬೀಳುತ್ತದೆ, ನಾಲ್ಕು ಸಲ ಕೈಯಾಡಿಸುವಷ್ಟರಲ್ಲಿ ಚಟಪಟ ಅರಳುತ್ತದೆ, ಜರಡಿಗೆ ಸುರಿದು ಅಲ್ಲಾಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಹೊಗೆಯಲ್ಲಿ ಕಣ್ಣು ಉರಿಯುತ್ತಿರುತ್ತದೆ, ಜರಡಿ ಆಡಿಸುವವರ ಕೈ ಮಾತ್ರ ನಿಲ್ಲುವುದಿಲ್ಲ. ಮರಳಿಲ್ಲದೆ ಮಂಡಕ್ಕಿಯಿಲ್ಲ, ಮರಳು ಉಳಿದರೂ ಮಂಡಕ್ಕಿಯಿಲ್ಲ. ಅನ್ವೇಷಣೆ ಎಂದರೆ ಬೆನ್ನು ಹತ್ತುವುದು. ಗವೇಷಣೆಯೊಂದು ಚೋದ್ಯದ ಪದ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಡಿಸ್ಕವರ್ ಎಂಬುದು ಫೈಂಡ್ ಬಂದ ಎಷ್ಟೋ ಕಾಲದ ಮೇಲೆ ಫ್ರೆಂಚರ ಜೊತೆ ಇಂಗ್ಲೆಂಡಿಗೆ ಬಂದದ್ದು. ಅದರಲ್ಲಿ ಮುಚ್ಚಳವಿದೆ. ಮುಚ್ಚಿದ್ದನ್ನು ತೆರೆಯುವುದು ಅದರ ಅರ್ಥ. ಮೊದಮೊದಲು ಅದನ್ನು ಬಳಸುತ್ತಿದ್ದುದೂ ಹೊಸ ನಾಡುಗಳಿಗಲ್ಲ, ಇನ್ನೊಬ್ಬರ ಗುಟ್ಟು ರಟ್ಟು ಮಾಡುವುದಕ್ಕೆ. ನಮ್ಮ ಪತ್ರಿಕೆಗಳು ಹಗರಣವನ್ನು ‘ಬಯಲಿಗೆಳೆ’ಯುತ್ತವಲ್ಲ, ಥೇಟು ಅದೇ. ಇನ್ವೆಂಟ್ ಇನ್ನೂ ತಮಾಷೆ. ಇಂದು ಇಲ್ಲದ್ದನ್ನು ಹೊಸದಾಗಿ ಮಾಡುವುದು ಇನ್ವೆಂಟ್, ಇದ್ದದ್ದನ್ನು ತೋರಿಸುವುದು ಡಿಸ್ಕವರ್ ಎಂದು ತರಗತಿಯಲ್ಲಿ ಗೆರೆ ಎಳೆದು ಕಲಿಸುತ್ತೇವೆ. ಆದರೆ ಇನ್ವೆಂಟ್ ಪದದ ಲ್ಯಾಟಿನ್ ಮೂಲಕ್ಕೆ ‘ಮೇಲೆ ಬಂದು ಬೀಳು’, ಎದುರಾಗು ಎಂದೇ ಅರ್ಥ. ಸಂತ ಹೆಲೆನಾಳಿಗೆ ಏಸುವಿನ ಶಿಲುಬೆ ಸಿಕ್ಕಿತೆಂದು ಮೇ 3ರಂದು ಆಚರಿಸುತ್ತಿದ್ದ ಹಬ್ಬಕ್ಕೆ ಇಂಗ್ಲಿಷಿನಲ್ಲಿ ಶಿಲುಬೆಯ ಇನ್ವೆನ್ಷನ್ ಎಂಬ ಹೆಸರು. ಆಕೆ ಬಡಗಿತನ ಮಾಡಿದಳೆಂದಲ್ಲ. ಆದ್ದರಿಂದ ‘ಅಮೆರಿಕವನ್ನು ಕಂಡುಹಿಡಿದವರು ಯಾರು, ದೂರವಾಣಿಯನ್ನು ಕಂಡುಹಿಡಿದವರು ಯಾರು’ ಎಂದು ಎರಡಕ್ಕೂ ಒಂದೇ ಕ್ರಿಯಾಪದ ಬಳಸುವ ನಮ್ಮ ಶಾಲಾ ಕನ್ನಡವನ್ನು ನಾನು ಇನ್ನು ಮೇಲೆ ಹೀಗಳೆಯುವುದಿಲ್ಲ.

ಆದರೆ ಅಮೆರಿಕದ ಪ್ರಶ್ನೆ ಬೇರೆ ಕಾರಣಕ್ಕೆ ಚುಚ್ಚುತ್ತದೆ. ಅಷ್ಟು ದೂರ ಏಕೆ, ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೇ ನೋಡೋಣ. ನಾನು ಹುಟ್ಟಿದ್ದು ಆ ಸೀಮೆಯಲ್ಲಿ. ಸಿದ್ದಾಪುರದ ಬಳಿಯ ಆ ಬೆಟ್ಟದ ಬುಡದ ಬಂಡೆಯೊಂದರ ಮೇಲೆ ಅಶೋಕನ ಶಾಸನವಿದೆ. ಅದನ್ನು ಬಿ.ಎಲ್. ರೈಸ್ ಕಂಡುಹಿಡಿದರು ಎಂದು ನಾವೆಲ್ಲ ಓದಿದ್ದೇವೆ. 1891-92ರ ಹೊತ್ತಿನ ಮಾತು. ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳ ಶಾಸನಗಳೂ ಆಗಲೇ ಬೆಳಕಿಗೆ ಬಂದವು. ಅಶೋಕನ ಆಳ್ವಿಕೆ ದಕ್ಷಿಣದಲ್ಲಿ ಇಷ್ಟು ಕೆಳಗಿನವರೆಗೆ ಇತ್ತೆಂಬುದು ಅಲ್ಲಿಯವರೆಗೆ ವಿದ್ವಾಂಸರಿಗೆ ತಿಳಿದಿರಲಿಲ್ಲ.

ಆದರೆ ರೈಸ್ ಅಲ್ಲಿಗೆ ಹೋದಾಗ ಆ ಬಂಡೆಗೆ ಆಗಲೇ ಒಂದು ಹೆಸರಿತ್ತು. ಊರವರು ಅದನ್ನು ಅಕ್ಷರಗುಂಡು ಎನ್ನುತ್ತಿದ್ದರು. ಗುಂಡು ಎಂದರೆ ನಮ್ಮ ಕಡೆ ದೊಡ್ಡ ಬಂಡೆ. ಅದಕ್ಕೆ ಔಷಧದ ಗುಣವಿದೆ ಎಂದು ನಂಬಿದ್ದರು. ಜಟಿಂಗ ರಾಮೇಶ್ವರದ ಶಾಸನದ ಬಂಡೆ ಬಳೆಗಾರ ಗುಂಡು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗ. ಸೀತೆಯನ್ನು ಹುಡುಕುತ್ತಾ ಹೊರಟ ರಾಮನಿಗೆ ರೆಕ್ಕೆ ಕತ್ತರಿಸಿದ ಜಟಾಯು ಸಿಕ್ಕಿದ್ದು ಆ ಬೆಟ್ಟದಲ್ಲೇ ಎಂಬುದು ನಮ್ಮವರ ನಂಬಿಕೆ. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ವರ್ಷಕ್ಕೊಮ್ಮೆ ಅಲ್ಲಿ ಹೆಂಗಸರ ಕೈಗೆ ಬಳೆ ಏರುತ್ತಿದ್ದಾಗ ಕಾಲ ಬುಡದಲ್ಲಿ ದೇವಾನಾಂಪ್ರಿಯ ಅಶೋಕನ ಮಾತು ಬಿದ್ದಿತ್ತು.

ಅಕ್ಷರಗುಂಡು ಎಂಬ ಹೆಸರಿನ ಮುಂದೆ ನಾನು ಬಹಳ ಹೊತ್ತು ನಿಂತುಬಿಡುತ್ತೇನೆ. ಅವರು ಅದನ್ನು ಗೀರುಗುಂಡು ಎನ್ನಲಿಲ್ಲ, ಚಿತ್ತಾರದ ಗುಂಡು ಎನ್ನಲಿಲ್ಲ. ಇದು ಬರಹ, ಯಾರೋ ಯಾರಿಗೋ ಏನನ್ನೋ ಹೇಳಿದ್ದು ಎಂದು ಅವರಿಗೆ ಗೊತ್ತಿತ್ತು. ಓದಲು ಬರುತ್ತಿರಲಿಲ್ಲ, ಅಷ್ಟೇ. ಓದಲು ಇಡೀ ದೇಶಕ್ಕೇ ಬರುತ್ತಿರಲಿಲ್ಲ, 1837ರಲ್ಲಿ ಕಲ್ಕತ್ತೆಯ ಟಂಕಸಾಲೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗಂಟು ಬಿಡಿಸುವವರೆಗೆ. ನಮ್ಮ ಕ್ರಿಯಾಪದವನ್ನೇ ಎರಡಾಗಿ ಮುರಿದು ಹಂಚಿದರೆ ನ್ಯಾಯ ಸಿಗುತ್ತದೆ ಎಂದು ನನಗನ್ನಿಸುತ್ತದೆ. ಕಂಡವರು ಊರವರು. ಹಿಡಿದವರು ರೈಸ್. ಹಿಡಿದದ್ದು ಸಣ್ಣ ಕೆಲಸವೇನಲ್ಲ. ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಓದಿಸಿ, ಅಚ್ಚು ಹಾಕಿಸಿದವರು ಅವರು. ಆದರೆ ಕಂಡದ್ದನ್ನೂ ಹಿಡಿದದ್ದನ್ನೂ ಒಬ್ಬರ ಹೆಸರಿಗೇ ಖಾತೆ ಮಾಡಿಕೊಡುವುದು ಕಂದಾಯ ದಾಖಲೆಯಲ್ಲಿ ನಡೆಯಬಹುದು, ಭಾಷೆಯಲ್ಲಿ ನಡೆಯಬಾರದು.

ಶಾಸನ ಹೇಳುವುದಾದರೂ ಏನನ್ನು? ಸುವರ್ಣಗಿರಿಯಿಂದ ಆರ್ಯಪುತ್ರನೂ, ಅಂದರೆ ಅಲ್ಲಿನ ರಾಜಕುಮಾರನೂ, ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ, ಅಂದರೆ ಈ ಜಾಗದ, ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ. ‘ನೀವು ಕ್ಷೇಮವೇ, ನಾವು ಕ್ಷೇಮ’ ಎಂದು ನಮ್ಮಪ್ಪ ಕಾಗದ ಶುರು ಮಾಡುತ್ತಿದ್ದಂತೆಯೇ. ಆಮೇಲೆ, ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಕಡೆಯ ಮಾತನ್ನು ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಕಟ್ಟು ಹಾಕಿ ತೂಗುಹಾಕುವ ಆಸೆ ನನಗೆ. ಎಲ್ಲ ಮುಗಿದ ಮೇಲೆ ಬರೆದವನ ಹೆಸರು: ಚಪಡ. ಚಪಡನೆಂಬ ಲಿಪಿಕಾರ ಬರೆದದ್ದು ಎಂಬ ಆ ಸಾಲಿನಲ್ಲಿ ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಗಾಂಧಾರದ ಕಡೆಯ ಲಿಪಿ ಅದು. ಇಸಿಲದಲ್ಲಿ ಅದನ್ನು ಓದಬಲ್ಲವರು ಇದ್ದಿರುವ ಸಂಭವವೇ ಕಡಿಮೆ. ಊರು ಬಿಟ್ಟು ಅಷ್ಟು ದೂರ ಬಂದವನು ಒಂದು ಪದವನ್ನು ತನ್ನ ಊರಿನ ಅಕ್ಷರದಲ್ಲಿ ಕೆತ್ತಿದ. ಯಾರ ಕಣ್ಣಿಗೆ ಬೀಳಲೆಂದು? ಆ ಒಂದು ಪದ ತನ್ನನ್ನು ಓದುವವರಿಗಾಗಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಿಸಿಲಲ್ಲಿ ಕಾದಿತ್ತು.

1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲೇ ಅಗೆಸಿದರು, ಅವರಿಗೂ ಮುಂಚೆ ನಮ್ಮ ಎಂ.ಎಚ್. ಕೃಷ್ಣ ಅಗೆಸಿದ್ದರು. ವೀಲರ್ ಮಾಡಿದ್ದು ಅಕ್ಷರಶಃ ಡಿಸ್ಕವರ್, ಒಂದೊಂದೇ ಮುಚ್ಚಳ ತೆಗೆಯುವ ಕೆಲಸ. ಮೇಲೆ ಸಾತವಾಹನರ ಕಾಲದ ಪದರ, ಅದರ ಕೆಳಗೆ ಕಬ್ಬಿಣ ಬಲ್ಲ, ಬೃಹತ್ ಶಿಲಾಗೋರಿ ಕಟ್ಟಿದ ಜನ, ಅದಕ್ಕೂ ಕೆಳಗೆ ನಯ ಮಾಡಿದ ಕಲ್ಲಿನ ಕೊಡಲಿಯವರು. ರಾಯಚೂರು ಸೀಮೆಯ ಮಸ್ಕಿಯ ಅಶೋಕ ಶಾಸನದ್ದು ಇನ್ನೊಂದು ರೀತಿ. 1915ರಲ್ಲಿ ಅಲ್ಲಿ ಅಲೆಯುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಅರಸುತ್ತಿದ್ದುದು ಚಿನ್ನವನ್ನು. ಸಿಕ್ಕಿದ್ದು ಬಂಡೆಯ ಮೇಲಿನ ಬರಹ, ಅದರಲ್ಲಿ ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬಂಥ ಬಿರುದುಗಳಿಂದಷ್ಟೇ ಕರೆಸಿಕೊಳ್ಳುತ್ತಿದ್ದವನ ಸ್ವಂತ ಹೆಸರು: ಅಶೋಕ. ಕಾಲಿಗೆ ಎಡವಿದ್ದು. ಫೈಂಡ್ ಎಂದರೆ ಇದು.

ಓಬವ್ವನ ಕಥೆಯನ್ನೂ ಈಗ ಹಾಗೆಯೇ ಓದುತ್ತೇನೆ. ಹೈದರನ ಸೈನಿಕರು ತಿಂಗಳುಗಟ್ಟಲೆ ಹುಡುಕುತ್ತಿದ್ದರು. ಮೊಸರು ಮಾರುವ ಹೆಂಗಸೊಬ್ಬಳು ಕಿಂಡಿಯಿಂದ ಹೊರಬಂದದ್ದನ್ನು ನೋಡಿ ದಾರಿ ಕಂಡುಹಿಡಿದರು ಎನ್ನುತ್ತದೆ ಕಥೆ. ಓಬವ್ವ ಯಾರನ್ನೂ ಹುಡುಕುತ್ತಿರಲಿಲ್ಲ. ಊಟಕ್ಕೆ ಕುಳಿತ ಗಂಡನಿಗೆ ನೀರು ತರಲು ನಡೆದು ಹೋದಳು.

ಇಷ್ಟಾದ ಮೇಲೆ ಹುಡುಗನನ್ನು ಕರೆದು ಅರ್ಧ ಅಂಕ ಹಿಂದಕ್ಕೆ ಕೊಟ್ಟೆನೇ? ಇಲ್ಲ. ಪರೀಕ್ಷೆಯಲ್ಲಿ ಫೌಂಡೆಡ್ ಎಂದೇ ಬರೆಯಬೇಕು, ವ್ಯುತ್ಪತ್ತಿ ನೋಡಿ ಮೌಲ್ಯಮಾಪನ ಮಾಡುವವರು ಯಾರೂ ಇಲ್ಲ. ಆದರೆ ಅವನು ಕೇಳಿದ್ದರಲ್ಲಿ ‘ನಡೆದು ಹೋಗಿ’ ಎಂಬುದೊಂದು ಇತ್ತಲ್ಲ, ಅದು ನಿಘಂಟು ತೆರೆಯುವುದಕ್ಕೂ ಮುಂಚೆ ಅವನ ಬಾಯಲ್ಲಿ ಬಂದದ್ದು. ಅದನ್ನು ಅವನಿಗೆ ಹೇಳಿದೆ. ಸ್ಪುಟ್ನಿಕ್‌ವರೆಗೆ ಎಲ್ಲವನ್ನೂ ಹೇಳಿದೆ. ಕಣ್ಣರಳಿಸಿ ಕೇಳಿ, “ಹಾಗಾದರೆ ಅಂಕ?” ಎಂದ.

ಗವೇಷಣೆಯ ಮಾತು ಬಾಕಿ ಇದೆ. ಗೋ ಎಂದರೆ ಹಸು, ಏಷಣೆ ಎಂದರೆ ಬಯಸಿ ಹೊರಡುವುದು. ಗವೇಷಣೆ ಎಂದರೆ ಮೊದಲಿಗೆ ಹಸು ಹುಡುಕುವುದು, ಅಷ್ಟೇ. ವೇದದ ಕಾಲದ ದನಗಾಹಿಗಳ ಪದ ಮುಂದೆ ಎಲ್ಲ ಬಗೆಯ ಹುಡುಕಾಟಕ್ಕೂ ಸಲ್ಲತೊಡಗಿತು. ದೇವರ ದನಗಳನ್ನು ಸಾಕುವ, ಆ ದನಗಳ ಹಿಂದೆಯೇ ಕಿಲಾರಿಗಳು ಬಾಳು ಸವೆಸುವ ನಮ್ಮ ಸೀಮೆಯಲ್ಲಿ ಇದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಾನು ಕಣ್ಣಾರೆ ಕಂಡ ಗವೇಷಣೆ ಒಂದೇ, ಅದೂ ಹಸುವಿನದಲ್ಲ, ಎಮ್ಮೆಯದು.

ನನಗೆ ಒಂಬತ್ತು ವರ್ಷ. ಮೇಯಲು ಬಿಟ್ಟಿದ್ದ ಎಮ್ಮೆ ಸಂಜೆ ಹಟ್ಟಿಗೆ ಬರಲಿಲ್ಲ. ರಾತ್ರಿ ಅಪರೂಪಕ್ಕೆ ಒಂದು ಹದ ಮಳೆ ಬಿದ್ದಿತ್ತು. ಬೆಳಕು ಹರಿಯುವ ಮುಂಚೆ ಅಜ್ಜ ಹೊರಟ, ನಾನು ಹಟ ಮಾಡಿ ಹಿಂದೆ ಬಿದ್ದೆ. ನಾನು ಕಂಡ ಕಂಡ ಜಾಲಿ ಪೊದೆಯ ಹಿಂದೆ ಇಣುಕುತ್ತಾ ಓಡುತ್ತಿದ್ದರೆ ಅಜ್ಜ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಅವನ ಕಣ್ಣು ನೆಲದಲ್ಲಿತ್ತು. ಮೂಲೆಯ ಹೊಲದ ಬದುವಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಒಂದು ಗೊರಸಿನ ಗುರುತಿಗೆ ಬೆರಳು ಇಳಿಸಿದ. ಅಂಚು ಕುಸಿದು, ತಳದಲ್ಲಿ ಅಂಗೈಯಷ್ಟು ಮಳೆನೀರು ನಿಂತಿತ್ತು. “ಮಳೆಗೆ ಮುಂಚಿನದು” ಎಂದ. ಹತ್ತು ಮಾರು ಮುಂದೆ ಇನ್ನೊಂದು. ಅದರ ಅಂಚು ಚೂರಿಯಲ್ಲಿ ಕೊಯ್ದ ಹಾಗೆ ಚೂಪಾಗಿತ್ತು, ಒಳಗೆ ನೀರಿರಲಿಲ್ಲ, ಆದರೆ ಅದರ ಮೇಲೆ ಕುರಿಯ ಗೊರಸು ಮೂಡಿತ್ತು. “ಇದು ಮಳೆ ನಿಂತ ಮೇಲಿನದು. ಕುರಿ ಬಿಡುವುದಕ್ಕೆ ಮುಂಚೆ ಹೋಗಿದೆ. ನಡಿ ತಮ್ಮ, ನೀರಿನ ಕಡೆಗೆ ಹೋಗಿದೆ.” ಸಗಣಿಯೊಂದನ್ನು ಕಾಲಿನ ಹೆಬ್ಬೆರಳಲ್ಲಿ ಮುರಿದು ನೋಡಿದ. ಮೇಲೆ ಹೆಪ್ಪು, ಒಳಗೆ ಹಸಿ. ಜಾಡು ಹಿಡಿದು ಹೋಗುವುದು ಎನ್ನುತ್ತೇವಲ್ಲ, ಅದನ್ನು ನಾನು ಮಾತಾಗಿ ಕಲಿಯುವ ಮುಂಚೆ ಕಾಲಲ್ಲಿ ಕಲಿತದ್ದು ಹೀಗೆ.

ಹಳ್ಳ ದಾಟಿ ಪಕ್ಕದ ಊರಿನ ಗೋಕಟ್ಟೆಯ ದಂಡೆಗೆ ಬಂದೆವು. ಅಲ್ಲಿನ ಬೇವಿನ ಮರಕ್ಕೆ ನಮ್ಮ ಎಮ್ಮೆ ಕಟ್ಟಿತ್ತು. ಮುಂದೆ ಒಂದು ಹೊರೆ ಸಪ್ಪೆ. ಮರದ ಕೆಳಗೆ ಬೀಡಿ ಸೇದುತ್ತಾ ಕೂತಿದ್ದ ಯಜಮಾನರು ಎದ್ದು ನಿಂತರು.

“ನಿಮ್ಮದೇನಣ್ಣಾ? ಬೆಳಗಿನ ಜಾವ ಸಿಕ್ಕಿತು. ಹೊಲಕ್ಕೆ ಬಿದ್ದೀತೆಂದು ಕಟ್ಟಿದೆ.”

“ನಮ್ಮದೇ ಯಜಮಾನರೇ. ಈಗ ಸಿಕ್ಕಿತು ನೋಡಿ” ಎಂದ ಅಜ್ಜ.

ಇಬ್ಬರಿಗೂ ಸಿಕ್ಕಿತ್ತು. ಯಾರಿಗೆ ಮೊದಲು ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಅಜ್ಜ ಹೆಗಲ ಮೇಲಿನ ಟವೆಲ್ಲಿನ ಗಂಟು ಬಿಚ್ಚಿ ಒಂದು ಅಚ್ಚು ಬೆಲ್ಲ ತೆಗೆದು ಕೊಟ್ಟ. ಹೊರಡುವಾಗಲೇ ಅದನ್ನು ಕಟ್ಟಿಕೊಂಡು ಬಂದಿದ್ದನೆಂದು ನನಗೆ ಆಗ ತಿಳಿದದ್ದು.

“ಇಲ್ಲೇ ಇದೆಯೆಂದು ಯಾರು ಹೇಳಿದರಣ್ಣಾ?” ಎಂದು ಅವರು ಬೆಲ್ಲ ತಗೊಂಡು ಕೇಳಿದರು.

ಅಜ್ಜನಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ನಾವು ಬಂದ ದಾರಿಯ ಕಡೆಗೆ, ಒದ್ದೆ ನೆಲದ ಕಡೆಗೆ ಗಲ್ಲ ತೋರಿಸಿ, “ಅದೇ ಬರೆದಿಟ್ಟು ಬಂದಿದೆಯಲ್ಲ” ಎಂದ. ಹಗ್ಗ ಬಿಚ್ಚಿದ. ಎಮ್ಮೆ ನಮಗಾಗಿ ಕಾಯದೆ ಹಟ್ಟಿಯ ಕಡೆಗೆ ಹೊರಟಿತು. ಬರುವಾಗ ಇಟ್ಟಿದ್ದ ಹೆಜ್ಜೆಗಳ ಮೇಲೆಯೇ ಕೆಲವನ್ನು ತುಳಿದು ಅಳಿಸುತ್ತಾ, ಪಕ್ಕದಲ್ಲಿ ಹೊಸದಾಗಿ ಕೆಲವನ್ನು ಬರೆಯುತ್ತಾ ಮುಂದೆ ಮುಂದೆ ನಡೆಯಿತು.